ಕಂಟ್ರೋಲ್ ಲೈನ್ ವಿಮಾನ: ಕಿಟ್‌ನಿಂದ ಕಟ್ಟಿ, ತಂತಿಯಲ್ಲಿ ಹಾರಿಸುವ ವಿದ್ಯೆ

ತಂತಿಗೆ ಕಟ್ಟಿ ಹಾರಿಸುವ ಮಾದರಿ ವಿಮಾನಕ್ಕೆ ಕಂಟ್ರೋಲ್ ಲೈನ್ ವಿಮಾನವೆಂದು ಹೆಸರು. ಹಾರಿಸುವವರು ಬಯಲಿನ ನಡುವೆ ನಿಲ್ಲುತ್ತಾರೆ. ಅವರ ಕೈಯ ಹಿಡಿಕೆಯಿಂದ ಹೊರಟ ಎರಡು ಸಪೂರ ಉಕ್ಕಿನ ತಂತಿಗಳು ಸುಮಾರು 18 ಮೀಟರ್ ಆಚೆಗಿರುವ ವಿಮಾನದ ಎಡ ರೆಕ್ಕೆಯನ್ನು ಸೇರುತ್ತವೆ. ಎಂಜಿನ್ ಚಾಲನೆಗೊಳಿಸಿ ಬಿಟ್ಟೊಡನೆ ವಿಮಾನವು ಅವರ ಸುತ್ತ ಅಪ್ರದಕ್ಷಿಣವಾಗಿ ಸುತ್ತತೊಡಗುತ್ತದೆ. ರೇಡಿಯೋ ಸಂಕೇತವಿಲ್ಲ, ಆಂಟೆನಾ ಇಲ್ಲ. ವಿಮಾನ ಏರುವುದು, ಇಳಿಯುವುದು, ಲಾಗ ಹಾಕುವುದು, ಬೆನ್ನಡಿಯಾಗಿ ಹಾರುವುದು ಎಲ್ಲವೂ ಆ ಎರಡು ತಂತಿಗಳ ಮೂಲಕವೇ ನಡೆಯುತ್ತದೆ.

ಹೊಲ ಕಾಯುವವರು ಬೀಸುವ ಕವಣೆಯನ್ನು ನೆನೆದರೆ ಇದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಕಲ್ಲು ವೇಗವಾಗಿ ಸುತ್ತುವಷ್ಟು ಹೊತ್ತು ಕವಣೆಯ ಹಗ್ಗ ಬಿಗಿಯಾಗಿರುತ್ತದೆ. ವೇಗ ಕುಂದಿದರೆ ಜೋಲುತ್ತದೆ. ಇಲ್ಲಿಯೂ ಹಾಗೆಯೇ. ಜೋತುಬಿದ್ದ ತಂತಿಯಿಂದ ಯಾವ ಆಜ್ಞೆಯೂ ವಿಮಾನವನ್ನು ತಲುಪದು. ಆದುದರಿಂದ ಕಟ್ಟುವ ಮೇಜಿನ ಮೇಲೂ ಹಾರಿಸುವ ಬಯಲಿನಲ್ಲೂ ಲಕ್ಷ್ಯವಿರಬೇಕಾದುದು ಒಂದೇ ಸಂಗತಿಯ ಮೇಲೆ, ಅದು ತಂತಿಯ ಎಳೆತ. ವಾರಗಟ್ಟಲೆ ಕುಳಿತು ಕಟ್ಟಿದ ವಿಮಾನವು ಅರೆಕ್ಷಣದ ಸಡಿಲಿನಲ್ಲಿ ನೆಲಕ್ಕಪ್ಪಳಿಸಿ ಚೂರಾಗುವುದು ಈ ಹವ್ಯಾಸದಲ್ಲಿ ಅಪರೂಪವಲ್ಲ.

ಹುಟ್ಟು ಮತ್ತು ಪೇಟೆಂಟ್ ವ್ಯಾಜ್ಯ

ಅಮೆರಿಕದ ಆರೆಗಾನ್ ರಾಜ್ಯವನ್ನು ಈ ವಿದ್ಯೆಯ ತವರೆನ್ನಬಹುದು. ಅಲ್ಲಿನ ಪೋರ್ಟ್‌ಲೆಂಡ್ ನಗರದ ಜಿಮ್ ವಾಕರ್ ತಮ್ಮ ಅಮೆರಿಕನ್ ಜೂನಿಯರ್ ಏರ್‌ಕ್ರಾಫ್ಟ್ ಕಂಪನಿಯ ಮೂಲಕ 1940ರಲ್ಲಿ ‘ಫೈರ್‌ಬಾಲ್’ ಎಂಬ ಕಿಟ್ಟನ್ನು ಮಾರಾಟಕ್ಕೆ ತಂದರು. ವಿಧಾನಕ್ಕೆ ‘ಯು-ಕಂಟ್ರೋಲ್’ ಎಂದು ಹೆಸರಿಟ್ಟು ಪೇಟೆಂಟ್ ಪಡೆದರು. ವಾಕರ್ ಒಳ್ಳೆಯ ಪ್ರದರ್ಶನಕಾರರೂ ಆಗಿದ್ದರು. ಎರಡು ಕೈಗಳಲ್ಲಿ ಎರಡು, ತಲೆಗೆ ಕಟ್ಟಿಕೊಂಡ ಪಟ್ಟಿಯಿಂದ ಇನ್ನೊಂದು, ಹೀಗೆ ಏಕಕಾಲಕ್ಕೆ ಮೂರು ವಿಮಾನಗಳನ್ನು ಹಾರಿಸಿ ಜನರನ್ನು ಬೆರಗುಗೊಳಿಸುತ್ತಿದ್ದರು.

ಆದರೆ ಅದೇ ರಾಜ್ಯದ ಓಬಾ ಸೇಂಟ್ ಕ್ಲೇರ್ ಎಂಬವರು 1930ರ ದಶಕದಲ್ಲಿಯೇ ತಂತಿಯ ಮೂಲಕ ಎಲಿವೇಟರ್ ಆಡಿಸಿ ವಿಮಾನ ಹಾರಿಸಿದ್ದರು. ಟೆಕ್ಸಾಸ್‌ನ ಸ್ಟ್ಯಾಂಜೆಲ್ ಸಹೋದರರು ತಮ್ಮದೇ ಬೇರೊಂದು ಬಗೆಯ ತಂತಿ ವಿಮಾನಗಳನ್ನು ಮಾರುತ್ತಿದ್ದರು. ಎಂಜಿನ್ ಮತ್ತು ಪ್ಲಾಸ್ಟಿಕ್ ವಿಮಾನಗಳಿಗೆ ಹೆಸರಾದ ಕಾಕ್ಸ್ ಸಂಸ್ಥೆಯ ಮೇಲೆ ವಾಕರ್ ಹೂಡಿದ ದಾವೆ 1955ರಲ್ಲಿ ಅವರಿಗೇ ತಿರುಗುಬಾಣವಾಯಿತು. ಸೇಂಟ್ ಕ್ಲೇರ್ ಅವರ ಹಿಂದಿನ ಕೆಲಸ ನ್ಯಾಯಾಲಯದ ಮುಂದೆ ಬಂದು, ಪೇಟೆಂಟ್ ಬಿದ್ದುಹೋಯಿತು. ಅಲ್ಲಿಗೆ ಈ ವಿದ್ಯೆ ಎಲ್ಲ ತಯಾರಕರ ಸ್ವತ್ತಾಯಿತು.

ಅದಕ್ಕೂ ಮೊದಲು ಎಂಜಿನ್ ಹೊತ್ತ ಮಾದರಿ ವಿಮಾನಗಳನ್ನು ಕೈಬಿಟ್ಟು ಹಾರಿಸುವುದೇ ರೂಢಿಯಾಗಿತ್ತು. ಗಾಳಿ ಎತ್ತ ಒಯ್ದರೆ ಅತ್ತ ಹೋಗುವ ವಿಮಾನದ ಹಿಂದೆ ಮೈಲುಗಟ್ಟಲೆ ಓಡಬೇಕಾಗಿತ್ತು. ಮರಳಿ ಸಿಕ್ಕರೆ ಅದೃಷ್ಟ. ತಂತಿಯ ವಿಮಾನಕ್ಕೆ ಶಾಲೆಯ ಮೈದಾನ ಸಾಕು. ಮಾದರಿ ಎಂಜಿನ್‌ಗಳಿಗೆ ಬ್ಯಾಟರಿ, ಕಾಯಿಲ್‌ಗಳ ಭಾರವನ್ನು ತಪ್ಪಿಸಿದ ಗ್ಲೋ ಪ್ಲಗ್ 1940ರ ದಶಕದ ಕೊನೆಯಲ್ಲಿ ಬಂದ ಮೇಲಂತೂ ಅಮೆರಿಕ, ಯುರೋಪ್‌ಗಳಲ್ಲಿ ಬಾಲಕರ ಕೈಗೆ ಎಟುಕುವ ವಿಮಾನವೆಂದರೆ ಇದೇ ಎಂಬಂತಾಯಿತು. ಅಗ್ಗದ ರೇಡಿಯೋಗಳು ಬಂದು ಈ ಸ್ಥಾನವನ್ನು ಕಸಿದುಕೊಂಡವು.

ಪೆಟ್ಟಿಗೆಯೊಳಗಿನ ವಿಮಾನ

ಕಿಟ್‌ಗಳಲ್ಲೆಲ್ಲ ಹೆಚ್ಚು ಜನಪ್ರಿಯವಾದವುಗಳಲ್ಲಿ ‘ರಿಂಗ್‌ಮಾಸ್ಟರ್’ ಒಂದು. ಫಿಲಡೆಲ್ಫಿಯಾದ ಸ್ಟರ್ಲಿಂಗ್ ಮಾಡೆಲ್ಸ್ ಸಂಸ್ಥೆಗಾಗಿ ಮ್ಯಾಥ್ಯೂ ಕಾನಿಯಾ ರೂಪಿಸಿದ ಈ ವಿಮಾನ 1950ರ ದಶಕದ ಆರಂಭದಿಂದ ದಶಕಗಳ ಕಾಲ ಮಾರಾಟವಾಯಿತು. ರೆಕ್ಕೆಗಳ ತುದಿಯಿಂದ ತುದಿಗೆ 42 ಅಂಗುಲ, ಅಂದರೆ ಸುಮಾರು 107 ಸೆಂಟಿಮೀಟರ್. ಒಡಲು ಪೊಳ್ಳಾದುದಲ್ಲ; ದಪ್ಪ ಬಾಲ್ಸಾ ಹಲಗೆಯನ್ನೇ ವಿಮಾನದ ಪಕ್ಕನೋಟದ ಆಕಾರಕ್ಕೆ ಕತ್ತರಿಸಿದ್ದು. ಎಂಜಿನ್ ಅದರ ಮೂತಿಯಲ್ಲಿ ಪಕ್ಕಕ್ಕೆ ಮಲಗಿರುತ್ತದೆ. ನೋಟಕ್ಕೆ ಇದು ನಿಜ ವಿಮಾನದಂತೆ ಕಾಣದಿದ್ದರೂ ಬೇಗ ಕಟ್ಟಬಹುದು, ಮುರಿದರೆ ಬೇಗ ಅಂಟಿಸಬಹುದು. ಕಲಿಯುವವರಿಗೆ ಈ ಎರಡನೆಯ ಗುಣವೇ ಮುಖ್ಯ.

ಪೆಟ್ಟಿಗೆಯನ್ನು ತೆರೆದರೆ ಬಾಲ್ಸಾ ಹಾಳೆಗಳು, ರೆಕ್ಕೆಯ ಅಂಚಿನ ಪಟ್ಟಿಗಳು, ಎಂಜಿನ್ ಕೂರಿಸುವ ಗಟ್ಟಿಮರದ ತುಂಡುಗಳು, ಪ್ಲೈವುಡ್, ಚಕ್ರ ತೊಡಿಸುವ ಉಕ್ಕಿನ ಸರಳು, ಪೂರ್ಣ ಅಳತೆಯ ನಕ್ಷೆ ಇವು ಕಾಣುತ್ತವೆ. ಎಂಜಿನ್, ಇಂಧನದ ಟ್ಯಾಂಕ್, ತಂತಿ, ಹಿಡಿಕೆ, ಅಂಟುಗಳನ್ನು ಬೇರೆಯಾಗಿ ಕೊಳ್ಳಬೇಕು. ಹಳೆಯ ಕಿಟ್‌ಗಳಲ್ಲಿ ಭಾಗಗಳನ್ನು ಅಚ್ಚಿನಿಂದ ಒತ್ತಿ ಕತ್ತರಿಸುತ್ತಿದ್ದರು. ಅಚ್ಚು ಸವೆದಿದ್ದರೆ ಮರ ಕತ್ತರಿಸುವ ಬದಲು ಜಜ್ಜಿಹೋಗುತ್ತಿತ್ತು. ಮುಂದೆ ಪೆನ್ಸಿಲ್ವೇನಿಯಾದ ಬ್ರೋಡಾಕ್ ಸಂಸ್ಥೆ ಇದೇ ರಿಂಗ್‌ಮಾಸ್ಟರನ್ನು ಲೇಸರ್‌ನಿಂದ ಕತ್ತರಿಸಿದ ಭಾಗಗಳೊಡನೆ ಮರಳಿ ತಂದಾಗ ಆ ತೊಂದರೆ ತಪ್ಪಿತು.

ಬಾಲ್ಸಾ ಮರ ಮುಖ್ಯವಾಗಿ ಬರುವುದು ಈಕ್ವೆಡಾರ್ ದೇಶದಿಂದ. ಒಂದೇ ಅಳತೆಯ ಎರಡು ಹಾಳೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಭಾರವಿರುವುದುಂಟು. ಅನುಭವಿಗಳು ಕಟ್ಟಲು ಕೂರುವ ಮೊದಲು ಹಾಳೆಗಳನ್ನು ತೂಗಿ, ಹಗುರವಾದುದನ್ನು ಬಾಲಕ್ಕೂ ಗಟ್ಟಿಯಾದುದನ್ನು ಮೂತಿ ಹಾಗೂ ರೆಕ್ಕೆಯ ಅಂಚಿಗೂ ಎತ್ತಿಡುತ್ತಾರೆ.

ಕಟ್ಟುವ ಕ್ರಮ

ಸಮತಟ್ಟಾದ ಹಲಗೆಯ ಮೇಲೆ ನಕ್ಷೆ, ಅದರ ಮೇಲೆ ಅಂಟು ಹಿಡಿಯದಂತೆ ಮೇಣದ ಕಾಗದ. ಇಷ್ಟು ಹಾಸಿಕೊಂಡ ಮೇಲೆ ರೆಕ್ಕೆಯ ಪಕ್ಕೆಲುಬುಗಳನ್ನು ಸಾಲಾಗಿ ನಿಲ್ಲಿಸಿ, ಮುಂದಿನ ಮತ್ತು ಹಿಂದಿನ ಅಂಚುಪಟ್ಟಿಗಳಿಗೆ ಅಂಟಿಸಲಾಗುತ್ತದೆ. ಹಲಗೆ ಸೊಟ್ಟಗಿದ್ದರೆ ರೆಕ್ಕೆಯೂ ಸೊಟ್ಟಗಾಗುತ್ತದೆ. ತಿರುಚಿದ ರೆಕ್ಕೆಯ ವಿಮಾನ ಒಂದು ಬದಿಗೆ ವಾಲಿ ತಂತಿಯನ್ನು ಸಡಿಲಿಸುತ್ತದೆ. ಅಂಟು ಪೂರ್ಣ ಒಣಗುವವರೆಗೆ ಎತ್ತದಿರುವ ತಾಳ್ಮೆ ಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದ ಭಾಗ ಬೆಲ್‌ಕ್ರ್ಯಾಂಕ್. ರೆಕ್ಕೆಯ ನಡುವೆ ಪ್ಲೈವುಡ್ ತುಂಡಿನ ಮೇಲೆ ಒಂದು ಬೋಲ್ಟಿನ ಸುತ್ತ ಆಡುವ ಈ ತುಂಡಿಗೆ ಮೂರು ತೋಳುಗಳು. ಎರಡಕ್ಕೆ ಹೊರಗಿನಿಂದ ಬರುವ ತಂತಿಗಳು, ಮೂರನೆಯದಕ್ಕೆ ಬಾಲದ ಎಲಿವೇಟರ್‌ವರೆಗೆ ಹೋಗುವ ಸರಳು. ಹಾರಿಸುವವರು ಹಿಡಿಕೆಯ ಮೇಲ್ತುದಿಯನ್ನು ತಮ್ಮ ಕಡೆಗೆ ವಾಲಿಸಿದರೆ ಮೇಲಿನ ತಂತಿ ಎಳೆಯಲ್ಪಟ್ಟು, ಬೆಲ್‌ಕ್ರ್ಯಾಂಕ್ ತಿರುಗಿ, ಎಲಿವೇಟರ್ ಮೇಲೇಳುತ್ತದೆ, ವಿಮಾನ ಏರುತ್ತದೆ. ಹಾರಾಟದ ಎಳೆತವೆಲ್ಲ ಹಾದುಹೋಗುವುದು ಈ ಒಂದು ಬೋಲ್ಟಿನ ಮೂಲಕ. ರೆಕ್ಕೆಗೆ ಹೊದಿಕೆ ಹಾಕಿದ ಮೇಲೆ ಇದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಅದಕ್ಕೆ ಮೊದಲೇ ಅಂಟಿನ ಗಟ್ಟಿತನವನ್ನೂ ಚಲನೆಯ ಸರಾಗವನ್ನೂ ಹತ್ತು ಬಾರಿ ಪರೀಕ್ಷಿಸಬೇಕು. ಹಿಡಿಕೆ ನೇರವಾಗಿದ್ದಾಗ ಎಲಿವೇಟರ್ ಕೂಡ ಬಾಲದ ಮಟ್ಟದಲ್ಲಿಯೇ ನಿಲ್ಲಬೇಕು. ವಿಮಾನವನ್ನು ಮೂತಿ ಕೆಳಗಾಗಿ ಹಿಡಿದರೆ ಎಲಿವೇಟರ್ ತನ್ನ ಭಾರಕ್ಕೇ ಬೀಳುವಷ್ಟು ಸಲೀಸಾಗಿ ಆಡಬೇಕು.

ಹೊದಿಕೆಗೆ ಹಿಂದೆ ಬಳಸುತ್ತಿದ್ದುದು ತೆಳ್ಳನೆಯ ನಾರುಗಾಗದ. ಅದಕ್ಕೆ ನೀರು ಸಿಂಪಡಿಸಿ ಬಿಗಿಗೊಳಿಸಿ, ಮೇಲೆ ‘ಡೋಪ್’ ಎಂಬ ಸೆಲ್ಯುಲೋಸ್ ಮೆರುಗೆಣ್ಣೆ ಹಚ್ಚುತ್ತಿದ್ದರು. ಇಸ್ತ್ರಿಯ ಶಾಖಕ್ಕೆ ಅಂಟುವ ಪ್ಲಾಸ್ಟಿಕ್ ಹೊದಿಕೆಗಳು ಈ ಶ್ರಮವನ್ನು ತಪ್ಪಿಸಿವೆ. ಬಣ್ಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಪ್ರತಿಯೊಂದು ಲೇಪವೂ ತೂಕವೇ ಎಂಬುದನ್ನು ನೆನಪಿಟ್ಟರೆ ಸಾಕು.

ಬೇಕೆಂದೇ ಇಟ್ಟ ಅಸಮತೋಲ

ಕಟ್ಟಿ ಮುಗಿದ ಕಂಟ್ರೋಲ್ ಲೈನ್ ವಿಮಾನವನ್ನು ಗಮನಿಸಿದರೆ ಅದು ನೆಟ್ಟಗಿಲ್ಲವೆಂದು ತೋರುತ್ತದೆ. ಅನೇಕ ವಿನ್ಯಾಸಗಳಲ್ಲಿ ಒಳಬದಿಯ, ಅಂದರೆ ಎಡ ರೆಕ್ಕೆ ತುಸು ಉದ್ದ. ವೃತ್ತದ ಒಳಗಿರುವ ರೆಕ್ಕೆ ಹೊರಗಿನದಕ್ಕಿಂತ ನಿಧಾನವಾಗಿ ಚಲಿಸುವುದರಿಂದಲೂ ತಂತಿಗಳ ಭಾರವನ್ನು ಹೊರಬೇಕಾದ್ದರಿಂದಲೂ ಅದಕ್ಕೆ ಹೆಚ್ಚಿನ ವಿಸ್ತಾರ ಬೇಕು. ಹೊರ ರೆಕ್ಕೆಯ ತುದಿಯಲ್ಲಿ 25-30 ಗ್ರಾಂ ಸೀಸವನ್ನು ಹುದುಗಿಸಿರುತ್ತಾರೆ. ಹಿಂದಿನ ರಡ್ಡರ್ ಹೊರಕ್ಕೆ ತಿರುಗಿರುತ್ತದೆ, ಎಂಜಿನ್ ಕೂಡ ಒಂದೆರಡು ಡಿಗ್ರಿ ಹೊರಕ್ಕೆ ಮುಖ ಮಾಡಿರುತ್ತದೆ. ತಂತಿಗಳು ರೆಕ್ಕೆಯಿಂದ ಹೊರಬರುವ ಜಾಗ ಗುರುತ್ವಕೇಂದ್ರಕ್ಕಿಂತ ಸ್ವಲ್ಪ ಹಿಂದೆ. ಇವೆಲ್ಲ ಸೇರಿ ವಿಮಾನ ಸದಾ ವೃತ್ತದಿಂದ ಹೊರಗೆ ಓಡಿಹೋಗಲು ಹವಣಿಸುವಂತೆ ಮಾಡುತ್ತವೆ.

ಇನ್ನು ಗುರುತ್ವಕೇಂದ್ರ. ಕಲಿಯುವವರ ವಿಮಾನದಲ್ಲಿ ಅದು ರೆಕ್ಕೆಯ ಅಗಲದ ಮುಂದಿನ ಕಾಲುಭಾಗದೊಳಗೇ ಇರಬೇಕು. ಮೂತಿ ಭಾರವಾದ ವಿಮಾನ ಮಂದಗತಿಯಲ್ಲಿ ಮಾತು ಕೇಳುತ್ತದೆ. ಬಾಲ ಭಾರವಾದುದು ಮಾತನ್ನೇ ಕೇಳುವುದಿಲ್ಲ. ಅಗತ್ಯವಿದ್ದರೆ ಮೂತಿಗೆ ಸೀಸ ಸೇರಿಸಬೇಕೇ ಹೊರತು ಪರೀಕ್ಷೆಯನ್ನು ಆಕಾಶಕ್ಕೆ ಬಿಡಬಾರದು.

ಎಳೆತವೆಷ್ಟು? 800 ಗ್ರಾಂ ತೂಕದ ವಿಮಾನ 18 ಮೀಟರ್ ತ್ರಿಜ್ಯದಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹಾರಿದರೆ ಒಂದು ಸುತ್ತಿಗೆ ಸುಮಾರು ಐದು ಸೆಕೆಂಡ್. ಆಗ ಹಿಡಿಕೆಯ ಮೇಲೆ ಬೀಳುವ ಎಳೆತ ಸುಮಾರು 2.2 ಕಿಲೋ ಭಾರಕ್ಕೆ ಸಮ. ವೇಗ 60 ಕಿಲೋಮೀಟರ್‌ಗೆ ಇಳಿದರೆ ಎಳೆತ 1.3 ಕಿಲೋ ಆಸುಪಾಸಿಗೆ ಕುಸಿಯುತ್ತದೆ. ವೇಗ ಕಾಲುಭಾಗ ತಗ್ಗಿದರೆ ಎಳೆತ ಅರ್ಧಕ್ಕೆ ಹತ್ತಿರ ತಗ್ಗುತ್ತದೆ, ಏಕೆಂದರೆ ಅದು ವೇಗದ ವರ್ಗವನ್ನು ಅನುಸರಿಸುತ್ತದೆ. ವಿಮಾನ ನೆತ್ತಿಯ ಮೇಲೆ ಬಂದಾಗ ಅದರ ತೂಕವೂ ತಂತಿಯ ಗುಂಟ ಕೆಳಗೆಳೆಯುವುದರಿಂದ ಎಳೆತ ಮತ್ತೂ ಕಡಿಮೆ. ಇದೇ ತ್ರಿಜ್ಯದಲ್ಲಿ ವೇಗ ಗಂಟೆಗೆ 48 ಕಿಲೋಮೀಟರ್‌ಗಿಂತ ಕೆಳಗಿಳಿದರೆ ನೆತ್ತಿಯ ಮೇಲೆ ತಂತಿಯ ಬಿಗಿ ಉಳಿಯುವುದೇ ಇಲ್ಲ. ಬಳಲಿದ ಎಂಜಿನ್ ಇಟ್ಟುಕೊಂಡು ಲಾಗ ಹಾಕಿಸಲು ಹೋದವರ ವಿಮಾನ ತಲೆಯ ಮೇಲೆಯೇ ಬೀಳುವುದಕ್ಕೆ ಕಾರಣ ಇಷ್ಟೇ.

ಎಂಜಿನ್, ಹರಳೆಣ್ಣೆ ಮತ್ತು ಟ್ಯಾಂಕ್

ರಿಂಗ್‌ಮಾಸ್ಟರ್‌ಗೆ ಹೊಂದುವ ಎಂಜಿನ್ ಎಂದು ಹೆಸರಾದುದು ಫಾಕ್ಸ್ 35. ಸಾಮರ್ಥ್ಯ ಸುಮಾರು 5.7 ಸಿಸಿ. ಇಂಧನ ಪೆಟ್ರೋಲ್ ಅಲ್ಲ, ಮೆಥನಾಲ್. ಅದಕ್ಕೆ ಕೀಲೆಣ್ಣೆಯಾಗಿ ಬೆರೆಸುವುದು ನಮ್ಮ ಅಜ್ಜಿಯರಿಗೆ ಚಿರಪರಿಚಿತವಾದ ಹರಳೆಣ್ಣೆ. ಶಕ್ತಿ ಹೆಚ್ಚಿಸಲು ಸ್ವಲ್ಪ ನೈಟ್ರೋಮೀಥೇನ್. ಹಳೆಯ ಮಾದರಿಯ ಎಂಜಿನ್‌ಗಳಿಗೆ ಇಂಧನದ ಕಾಲುಭಾಗದಷ್ಟು ಎಣ್ಣೆ ಬೇಕು. ಸುಟ್ಟ ಹರಳೆಣ್ಣೆಯ ವಾಸನೆ ಈ ಹವ್ಯಾಸಿಗಳ ಬಟ್ಟೆಗಳಿಂದ ಸುಲಭಕ್ಕೆ ಬಿಡುವುದಿಲ್ಲ. ಗ್ಲೋ ಪ್ಲಗ್‌ನೊಳಗಿನ ಪ್ಲಾಟಿನಂ ಎಳೆಯನ್ನು ಆರಂಭದಲ್ಲಿ 1.5 ವೋಲ್ಟ್ ಬ್ಯಾಟರಿಯಿಂದ ಕಾಯಿಸಿದರಾಯಿತು. ಎಂಜಿನ್ ತಿರುಗತೊಡಗಿದ ಮೇಲೆ ಮೆಥನಾಲಿನೊಡನೆ ನಡೆಯುವ ಕ್ರಿಯೆಯಿಂದ ಅದು ತಾನೇ ಕೆಂಪಗೆ ಉಳಿಯುತ್ತದೆ, ಬ್ಯಾಟರಿಯನ್ನು ಕಳಚಬಹುದು.

ಟ್ಯಾಂಕ್ ಕೂರಿಸುವಲ್ಲಿಯೂ ವೃತ್ತದ ನಿಯಮವೇ ನಡೆಯುತ್ತದೆ. ಹಾರುವಾಗ ಇಂಧನವೆಲ್ಲ ಹೊರಗೋಡೆಗೆ ಒತ್ತಿಕೊಳ್ಳುವುದರಿಂದ ಹೀರುಕೊಳವೆಯ ತುದಿಯನ್ನು ಹೊರಬದಿಯ ಹಿಂಮೂಲೆಯಲ್ಲಿ ಇಡುತ್ತಾರೆ. ಕೊನೆಯ ಹನಿಗಳೂ ಅಲ್ಲಿಗೇ ಸೇರಲೆಂದು ಟ್ಯಾಂಕನ್ನು ಬೆಣೆಯಾಕಾರದಲ್ಲಿ ಮಾಡುವುದುಂಟು. ನೇರ ಹಾರಾಟದಲ್ಲಿ ಎಂಜಿನ್ ತುಸು ಹೆಚ್ಚು ಇಂಧನ ಕುಡಿಯುತ್ತ ತೊದಲುವ ಸದ್ದಿನಲ್ಲಿ ಓಡುವಂತೆ ಸೂಜಿಯನ್ನು ಹೊಂದಿಸುತ್ತಾರೆ. ಮೂತಿ ಮೇಲೆದ್ದು ಹೊರೆ ಹೆಚ್ಚಿದಾಗ ಸದ್ದು ಚುರುಕಾಗಿ ಶಕ್ತಿ ಏರುತ್ತದೆ, ಇಳಿಯುವಾಗ ಮತ್ತೆ ತೊದಲು. ಶಕ್ತಿ ಬೇಕಾದಾಗ ಏರಿ ಬೇಡವಾದಾಗ ಇಳಿಯುವ ಈ ಗುಣ ಬೇರೆ ಯಾವ ಉಪಕರಣವೂ ಇಲ್ಲದೆ ದೊರಕುತ್ತದೆ.

ಎಂಜಿನ್‌ಗೆ ಬೆರಳಿನಿಂದ ಚಾಲನೆ ನೀಡುವ ಬದಲು ಕೋಲು ಬಳಸುವುದು ಒಳ್ಳೆಯದು. ಸೂಜಿ ತಿರುಗಿಸುವಾಗ ಪ್ರೊಪೆಲ್ಲರ್‌ನ ಹಿಂದೆ ನಿಲ್ಲಬೇಕು. ಮೆಥನಾಲ್ ವಿಷ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ.

ಬಯಲಿನಲ್ಲಿ

ಮೊದಲು ನೋಡಬೇಕಾದುದು ಗಾಳಿಯನ್ನಲ್ಲ, ವಿದ್ಯುತ್ ಕಂಬಗಳನ್ನು. 18 ಮೀಟರ್ ಉದ್ದದ ಉಕ್ಕಿನ ತಂತಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತವರಿಗೆ ಮೇಲೆ ಹಾದುಹೋಗುವ ವಿದ್ಯುತ್ ತಂತಿಯಷ್ಟು ದೊಡ್ಡ ಅಪಾಯ ಇನ್ನೊಂದಿಲ್ಲ. ವಿಮಾನ ಮುಟ್ಟಿದರೂ ಸಾಕು, ತಂತಿ ಮುಟ್ಟಿದರೂ ಸಾಕು. ಹೀಗೆ ಪ್ರಾಣಹಾನಿಯಾದ ಉದಾಹರಣೆಗಳು ಪರದೇಶಗಳಲ್ಲಿವೆ. ವಿದ್ಯುತ್ ತಂತಿ ಹಾದುಹೋಗುವ ಬಯಲನ್ನು, ಅದೆಷ್ಟೇ ವಿಶಾಲವಾಗಿದ್ದರೂ, ಬಿಟ್ಟುಬಿಡಬೇಕು. ಗುಡುಗು ಕೇಳಿಸಿದರೆ ಅಂದಿನ ಹಾರಾಟ ಮುಗಿದಂತೆ.

ಎರಡನೆಯದು ಎಳೆದು ನೋಡುವ ಪರೀಕ್ಷೆ. ಒಬ್ಬರು ವಿಮಾನವನ್ನು ಹಿಡಿದು ನಿಂತು, ಇನ್ನೊಬ್ಬರು ಹಿಡಿಕೆಯಿಂದ ವಿಮಾನದ ತೂಕದ ಹತ್ತರಷ್ಟು ಬಲದಲ್ಲಿ ಎಳೆಯುವುದು ಅಮೆರಿಕದಲ್ಲಿ ರೂಢಿ. ತಂತಿ, ಕೊಕ್ಕೆ, ಬೆಲ್‌ಕ್ರ್ಯಾಂಕ್ ಯಾವುದು ಸೋಲುವುದಿದ್ದರೂ ನೆಲದ ಮೇಲೆಯೇ ಸೋಲಲಿ ಎಂಬುದು ಉದ್ದೇಶ. ಹಿಡಿಕೆ ಜಾರಿದರೂ ವಿಮಾನ ಜನರತ್ತ ಹಾರದಂತೆ ಅದನ್ನು ಮಣಿಕಟ್ಟಿಗೆ ಪಟ್ಟಿಯಿಂದ ಕಟ್ಟಿಕೊಳ್ಳಬೇಕು. ಪ್ರೇಕ್ಷಕರು ವೃತ್ತದಿಂದ ಸಾಕಷ್ಟು ಹೊರಗಿರಬೇಕು. ಕೊನೆಯದಾಗಿ ಹಿಡಿಕೆ ತಲೆಕೆಳಗಾಗಿಲ್ಲವೆಂದು ಎಲಿವೇಟರ್ ಆಡಿಸಿ ನೋಡಬೇಕು. ಇದನ್ನು ಮರೆತು, ಏರಿಸಲು ಹೋಗಿ ನೆಲಕ್ಕಿಳಿಸಿದವರಲ್ಲಿ ನುರಿತವರೂ ಇದ್ದಾರೆ.

ಗಾಳಿಗೆ ಬೆನ್ನುಮಾಡಿ ನಿಂತಾಗ ಎದುರಿಗೆ ಬರುವ ಅರ್ಧವೃತ್ತದಲ್ಲಿ ಗಾಳಿಯು ವಿಮಾನವನ್ನು ಹೊರಕ್ಕೆ ನೂಕಿ ತಂತಿಯನ್ನು ಬಿಗಿಗೊಳಿಸುತ್ತದೆ. ನೆಲ ಬಿಡುವುದು, ಲಾಗ ಹಾಕಿಸುವುದು ಅದೇ ಬದಿಯಲ್ಲಿ. ಬೆನ್ನ ಹಿಂದಿನ ಅರ್ಧದಲ್ಲಿ ಗಾಳಿ ವಿಮಾನವನ್ನು ಒಳಕ್ಕೆ ತಳ್ಳುವುದರಿಂದ ಅಲ್ಲಿ ತಂಟೆಗೆ ಹೋಗದೆ ಮಟ್ಟಸವಾಗಿ ದಾಟಿಸಬೇಕು. ತಂತಿ ಸಡಿಲವಾಯಿತೆಂದು ಕೈಗೆ ತಿಳಿದ ಕ್ಷಣವೇ ವಿಮಾನದಿಂದ ದೂರಕ್ಕೆ ಹಿಂದೆ ಹೆಜ್ಜೆಯಿಡುವುದೊಂದೇ ಉಪಾಯ.

ಹೊಸಬರ ವಿಮಾನ ಬೀಳುವುದು ಹೆಚ್ಚಾಗಿ ಅತಿಯಾದ ನಿಯಂತ್ರಣದಿಂದ. ತುಸು ಏರಿತೆಂದು ಗಾಬರಿಯಿಂದ ಇಳಿಸುವುದು, ನೆಲ ಹತ್ತಿರವಾಯಿತೆಂದು ಗಕ್ಕನೆ ಏರಿಸುವುದು. ಮೂರನೆಯ ಏರಿಳಿತಕ್ಕೆ ಕಥೆ ಮುಗಿಯುತ್ತದೆ. ಮಣಿಕಟ್ಟನ್ನು ಬಿಗಿದು, ತೋಳನ್ನು ನೀಳವಾಗಿ ಚಾಚಿ, ಭುಜದಿಂದಷ್ಟೇ ಮೇಲೆ ಕೆಳಗೆ ಆಡಿಸಿದರೆ ಚಲನೆ ತಾನಾಗಿ ಮಿತವಾಗುತ್ತದೆ. ಮೊದಲ ಹಾರಾಟಗಳಲ್ಲಿ ತಲೆ ತಿರುಗುವುದು ಸಹಜ. ಹಿಂದೆ ಸರಿಯುವ ಮರ, ಕಟ್ಟಡಗಳನ್ನು ನೋಡದೆ ವಿಮಾನದ ಮೇಲೆಯೇ ದೃಷ್ಟಿ ನೆಟ್ಟರೆ ಅದು ಬೇಗ ಕಡಿಮೆಯಾಗುತ್ತದೆ. ಎಂಜಿನ್ ನಿಲ್ಲಿಸುವ ಸಾಧನ ಸಾಮಾನ್ಯವಾಗಿ ಇರುವುದಿಲ್ಲ. ಇಂಧನ ಮುಗಿಯುವವರೆಗೆ, ನಾಲ್ಕೈದು ನಿಮಿಷ, ಹಾರಿಸಲೇಬೇಕು. ಸದ್ದು ನಿಂತ ಮೇಲೆ ಮೂತಿಯನ್ನು ತುಸು ತಗ್ಗಿಸಿ, ವೇಗ ಉಳಿಸಿಕೊಂಡು, ನೆಲ ಸಮೀಪಿಸಿದಾಗ ಮೆಲ್ಲಗೆ ಎತ್ತಿದರೆ ಚಕ್ರಗಳ ಮೇಲೆ ಇಳಿಯುತ್ತದೆ.

ಸ್ಪರ್ಧೆಗಳು ಮತ್ತು ಭಾರತ

ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟವಾದ ಎಫ್‌ಎಐ ಈ ಕ್ರೀಡೆಯನ್ನು ವೇಗ, ಸಾಹಸ ಹಾರಾಟ, ತಂಡದ ಓಟ, ಕಾಳಗ ಎಂದು ಪ್ರಧಾನವಾಗಿ ನಾಲ್ಕು ವಿಭಾಗ ಮಾಡಿದೆ. ವೇಗದ ವಿಭಾಗದ ತ್ರಿಜ್ಯ 17.69 ಮೀಟರ್; ಒಂಬತ್ತು ಸುತ್ತಿಗೆ ಸರಿಯಾಗಿ ಒಂದು ಕಿಲೋಮೀಟರ್ ಆಗಲೆಂದು ಈ ವಿಚಿತ್ರ ಅಳತೆ. ಕೇವಲ 2.5 ಸಿಸಿ ಎಂಜಿನ್‌ನ ವಿಮಾನಗಳು ಇಲ್ಲಿ ಗಂಟೆಗೆ 300 ಕಿಲೋಮೀಟರ್ ಆಸುಪಾಸಿನ ವೇಗ ಮುಟ್ಟುತ್ತವೆ. ಆಗಿನ ಎಳೆತ ವಿಮಾನದ ತೂಕದ ನಲವತ್ತರಷ್ಟು. ಅದನ್ನು ತಾಳಲು ನಡುವೆ ನೆಟ್ಟ ಕಂಬದ ಕವಲಿನಲ್ಲಿ ಮಣಿಕಟ್ಟನ್ನು ಊರಿಕೊಂಡು ಸುತ್ತಬೇಕು. ತಂಡದ ಓಟದಲ್ಲಿ ಮೂರು ಜೋಡಿಗಳು ಒಂದೇ ವೃತ್ತದಲ್ಲಿ ಪೈಪೋಟಿ ನಡೆಸುತ್ತವೆ. ಕಾಳಗದಲ್ಲಿ ಎದುರಾಳಿಯ ಬಾಲಕ್ಕೆ ಕಟ್ಟಿದ ಕಾಗದದ ಪಟ್ಟಿಯನ್ನು ಪ್ರೊಪೆಲ್ಲರ್‌ನಿಂದ ತುಂಡರಿಸುವುದೇ ಗುರಿ. ಗಾಳಿಪಟದ ಮಾಂಜಾ ಕಾಳಗ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸಾಹಸ ಹಾರಾಟದಲ್ಲಿ ಏಳು ನಿಮಿಷಗಳೊಳಗೆ ಲಾಗ, ಚೌಕ, ತ್ರಿಕೋನ, ಎಂಟರ ಆಕಾರ, ನಾಲ್ಕೆಸಳಿನ ಹೂವು ಇವನ್ನೆಲ್ಲ ಗಾಳಿಯಲ್ಲಿ ಬರೆದು ಇಳಿಯಬೇಕು. ಈ ವಿಭಾಗದಲ್ಲಿ ವಿದ್ಯುತ್ ಮೋಟರ್‌ಗಳೂ ಬಂದಿವೆ. ಟೈಮರ್ ಇರುವುದರಿಂದ ಹಾರಾಟದ ಅವಧಿ ನಿಶ್ಚಿತ, ಇಂಧನದ ಗೋಜಿಲ್ಲ. ಹೊಸದಾಗಿ ಆರಂಭಿಸುವವರಿಗೂ ಇದು ಸುಗಮ ದಾರಿ.

ಭಾರತದಲ್ಲಿ ಈ ವಿದ್ಯೆಯನ್ನು ಉಳಿಸಿಕೊಂಡು ಬಂದವರಲ್ಲಿ ಎನ್‌ಸಿಸಿಯ ಏರ್ ವಿಂಗ್ ಪ್ರಮುಖ. ಕೆಡೆಟ್‌ಗಳ ತರಬೇತಿಯಲ್ಲಿ ಏರೋಮಾಡೆಲಿಂಗ್ ಒಂದು ಅಂಗ. ಅಖಿಲ ಭಾರತ ವಾಯು ಸೈನಿಕ ಶಿಬಿರದ ಸ್ಪರ್ಧೆಗಳಲ್ಲಿ ಕಂಟ್ರೋಲ್ ಲೈನ್ ಹಾರಾಟಕ್ಕೂ ಸ್ಥಾನವಿದೆ. ಆ ಶಿಬಿರ ಹಿಂದೆ ಬೆಂಗಳೂರಿನ ಜಕ್ಕೂರಿನಲ್ಲಿಯೂ ನಡೆದಿದೆ. ಕಲ್ಕತ್ತೆಯ ಇಂಡಿಯಾ ಹಾಬಿ ಸೆಂಟರ್ ‘ಅರೋರಾ’ ಹೆಸರಿನ ಪುಟ್ಟ ಎಂಜಿನ್‌ಗಳನ್ನು ತಯಾರಿಸಿ ದೇಶದ ಹವ್ಯಾಸಿಗಳಿಗೆ ಒದಗಿಸಿತ್ತು.

ಹಾರಾಟ ಮುಗಿದ ಮೇಲಿನ ಕೆಲಸವೂ ಸ್ವಲ್ಪ ಇದೆ. ರೆಕ್ಕೆ, ಒಡಲುಗಳ ಮೇಲೆ ಕುಳಿತ ಹರಳೆಣ್ಣೆಯನ್ನು ಅಂದೇ ಒರೆಸಬೇಕು. ಇಲ್ಲವಾದರೆ ಅದು ಬಾಲ್ಸಾದೊಳಗೆ ಇಳಿದು ಅಂಟು ಹಿಡಿಯದಂತೆ ಮಾಡುತ್ತದೆ. ತಂತಿಗಳನ್ನು ಕೈಗೆ ಸುತ್ತಿಕೊಳ್ಳದೆ ರಾಟೆಗೆ ಸುತ್ತಬೇಕು. ಎಲ್ಲಿಯಾದರೂ ಮಡಿಕೆ ಬಿದ್ದಿದ್ದರೆ ಅದನ್ನು ನೇರ ಮಾಡಿ ಮತ್ತೆ ಬಳಸುವಂತಿಲ್ಲ, ತುಂಡಾಗುವುದು ಅಲ್ಲಿಯೇ. ಎರಡೂ ತಂತಿಗಳು ಒಂದೇ ಉದ್ದವಿರಬೇಕಾದ್ದರಿಂದ ಬದಲಿಸುವಾಗ ಜೋಡಿಯನ್ನೇ ಬದಲಿಸಬೇಕು.